ನಾರುಹುಣ್ಣಿನ ಹುಳ ಎಲ್ಲಿಂದ ಬಂತು? ಡಿಎನ್‌ಎ ಹಿಡಿದು ಜಾಡು ಹುಡುಕುವ ಬಗೆ

ನಾರುಹುಣ್ಣು ಅಂದರೆ ಈಗಿನ ಹುಡುಗರಿಗೆ ಗೊತ್ತೇ ಇರಲಿಕ್ಕಿಲ್ಲ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ಊರಿನ ಹಿರಿಯರನ್ನು ಕೇಳಿ ನೋಡಿ. ಕಾಲಿನಿಂದ ಬಿಳಿ ದಾರದ ಹಾಗೆ ಹುಳ ಇಣುಕಿದ್ದು, ಅದನ್ನು ದಿನಾ ಸ್ವಲ್ಪ ಸ್ವಲ್ಪ ಕಡ್ಡಿಗೆ ಸುತ್ತುತ್ತಾ ವಾರಗಟ್ಟಲೆ ಮಲಗಿದ್ದು, ಎಲ್ಲ ಹೇಳುತ್ತಾರೆ. ಭಾರತದಲ್ಲಿ ಕೊನೆಯ ಕೇಸ್ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶಕ್ಕೆ ನಾರುಹುಣ್ಣು ಮುಕ್ತ ಅಂತ ಸರ್ಟಿಫಿಕೇಟ್ ಕೊಟ್ಟಿತು. ನಮಗೆ ಡಿಎನ್‌ಎ ಗಿಎನ್‌ಎ ಏನೂ ಬೇಕಾಗಲಿಲ್ಲ. ಈ ರೋಗ ಹರಡೋದು ಕುಡಿಯುವ ನೀರಿನಿಂದ, ಅದಕ್ಕೇ ಜನ ಬಾವಿಗೆ ಇಳಿಯದ ಹಾಗೆ ನೋಡಿಕೊಂಡರು, ಬೋರ್‌ವೆಲ್ ಹಾಕಿದರು, ನೀರು ಬಟ್ಟೆಯಲ್ಲಿ ಸೋಸಿ ಕುಡಿಯೋದನ್ನು ಕಲಿಸಿದರು, ಮುಗೀತು.

ಆಫ್ರಿಕಾದ ಚಾಡ್ ದೇಶದಲ್ಲಿ ಇಷ್ಟು ಸಲೀಸಾಗಲಿಲ್ಲ. ಅಲ್ಲಿ ಹತ್ತು ವರ್ಷ ಒಂದೂ ಕೇಸ್ ಇರಲಿಲ್ಲ, 2010ರಲ್ಲಿ ಮತ್ತೆ ಕಾಣಿಸಿತು, 2012ರಲ್ಲಿ ನೋಡಿದರೆ ಶಾರಿ ನದಿ ದಂಡೆಯ ಊರುಗಳ ನಾಯಿಗಳ ಕಾಲಲ್ಲೂ ಹುಳ! 1986ರಲ್ಲಿ ಪ್ರಪಂಚದಲ್ಲಿ ಸುಮಾರು 35 ಲಕ್ಷ ಜನಕ್ಕಿದ್ದ ರೋಗ 2024ರಲ್ಲಿ 15 ಜನಕ್ಕೆ ಇಳಿದಿದೆ. ಆದರೆ ಈ ಕೊನೆಯ ಹಿಡಿಯಷ್ಟು ಹುಳಗಳೇ ಜೀವ ತಿನ್ನುತ್ತಿವೆ. ಇಂಥ ಕಡೆ ಡಿಎನ್‌ಎ ಉಪಯೋಗಕ್ಕೆ ಬರುತ್ತದೆ. ಹೇಗೆ ಅಂತ ನೋಡೋಣ.

ಲ್ಯಾಬಿಗೆ ಹೋಗುವ ಮೊದಲು ಪ್ರಶ್ನೆ ಬರೆದಿಟ್ಟುಕೊಳ್ಳಿ. ಹುಳ ಪಕ್ಕದ ದೇಶದಿಂದ ಬಂತಾ? ಇಲ್ಲೇ ಯಾರ ಕಣ್ಣಿಗೂ ಬೀಳದೆ ಉಳಿದಿತ್ತಾ? ನಾಯಿಯ ಹುಳ, ಮನುಷ್ಯರ ಹುಳ ಒಂದೇನಾ? ಒಂದೊಂದು ಉತ್ತರಕ್ಕೆ ಒಂದೊಂದು ಕೆಲಸ ಇದೆ. ಹೊರಗಿಂದ ಬಂದಿದ್ದರೆ ಗಡಿ ಊರುಗಳ ಮೇಲೆ ಕಣ್ಣಿಡಬೇಕು, ಇಲ್ಲೇ ಇದ್ದಿದ್ದರೆ ಎಲ್ಲಿ ತಪ್ಪಿಸಿಕೊಂಡಿತ್ತು ಅಂತ ಹುಡುಕಬೇಕು, ನಾಯಿಯಿಂದ ಅಂತಾದರೆ ನಾಯಿ ಕಟ್ಟಿ ಹಾಕಬೇಕು. ಪ್ರಶ್ನೆ ಇಲ್ಲದೆ ಸುಮ್ನೆ ಸೀಕ್ವೆನ್ಸ್ ಮಾಡಿದರೆ, ಅಂದರೆ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿದರೆ, ಚೆಂದದ ಚಿತ್ರ ಸಿಗುತ್ತದೆ, ಅಷ್ಟೇ.

ಮುಂದಿನದು ಸ್ಯಾಂಪಲ್. ನನ್ನ ಪ್ರಕಾರ ಇಡೀ ಕೆಲಸ ಗೆಲ್ಲೋದೂ ಸೋಲೋದೂ ಇಲ್ಲೇ. ಹುಳ ಒಂದು ಮೀಟರ್‌ವರೆಗೂ ಉದ್ದ ಇರುತ್ತದೆ, ನಿಧಾನವಾಗಿ ಹೊರಗೆ ಬರುತ್ತದೆ, ಎಷ್ಟೋ ಸಲ ತುಂಡಾಗಿ ಒಣಗಿ ಹೋಗಿರುತ್ತದೆ. ಸಿಕ್ಕಷ್ಟನ್ನು ತಕ್ಷಣ ಎಥನಾಲ್‌ಗೆ ಹಾಕಿ. ಫಾರ್ಮಲಿನ್ ಬೇಡವೇ ಬೇಡ, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಒಂದು ಹುಳಕ್ಕೆ ಒಂದು ಟ್ಯೂಬ್. ಒಂದೇ ನಾಯಿಯಿಂದ ಐದು ಹುಳ ಬಂದರೆ ಐದು ಟ್ಯೂಬ್, ಏಕೆಂದರೆ ಆ ಐದೂ ಬೇರೆ ಬೇರೆ ನೀರಿನಿಂದ ಬಂದಿರಬಹುದು. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಎಥನಾಲ್ ತಾಗಿದರೆ ಕರಗಿ ಹೋಗುತ್ತದೆ, ಆಮೇಲೆ ಯಾವ ಊರಿನ ಹುಳ ಅಂತ ದೇವರಿಗೇ ಗೊತ್ತು.

ಚೀಟಿಯಲ್ಲಿ ಊರು, ತಾರೀಕು, ನಾಯಿಯೋ ಮನುಷ್ಯರೋ, ಇಷ್ಟು ಸಾಲದು. ಹುಳದ ಮರಿಯನ್ನು ಹೊತ್ತಿರೋದು ಸೈಕ್ಲಾಪ್ಸ್ ಅನ್ನುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ನೀರಿನ ಜೀವಿ. ಅದು ಹೊಟ್ಟೆಗೆ ಹೋದ ಮೇಲೆ ಹುಳ ಬೆಳೆದು ಹೊರಗೆ ಬರೋಕೆ 10ರಿಂದ 14 ತಿಂಗಳು ಬೇಕು. ಅಂದರೆ ಇವತ್ತು ಹುಳ ಕಂಡ ಊರು ಮುಖ್ಯ ಅಲ್ಲ, ಹೋದ ವರ್ಷ ಈ ಹೊತ್ತಿಗೆ ಆ ನಾಯಿ ಎಲ್ಲಿತ್ತು ಅನ್ನೋದು ಮುಖ್ಯ. ಯಜಮಾನರನ್ನು ಕೂರಿಸಿ ಕೇಳಿ, ಬರೆದುಕೊಳ್ಳಿ. ಯಾವ ಮೆಷಿನ್ನೂ ಇದನ್ನು ಹೇಳುವುದಿಲ್ಲ.

ಲ್ಯಾಬ್‌ನಲ್ಲಿ ಮೊದಲು ಇದು ನಾರುಹುಣ್ಣಿನ ಹುಳವೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಗಾಯದಿಂದ ಬಂದಿದ್ದೆಲ್ಲ ಇದೇ ಆಗಿರುವುದಿಲ್ಲ. ಆಮೇಲೆ ಒಂದು ತಮಾಷೆ ಇದೆ ನೋಡಿ: ಹೊರಗೆ ಬರೋದು ಹೆಣ್ಣು ಹುಳ, ಅದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮರಿ. ಒಂದು ತುಂಡು ಅರೆದರೆ ತಾಯಿಯ ಡಿಎನ್‌ಎ ಜೊತೆ ಮರಿಗಳದ್ದೂ, ಅಂದರೆ ಅಪ್ಪನದ್ದೂ ಸೇರಿಕೊಳ್ಳುತ್ತದೆ. ಇದಕ್ಕೇ ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಕೊಡುವ ಪುಟ್ಟ ಭಾಗ) ಡಿಎನ್‌ಎಯಿಂದ ಶುರು ಮಾಡಿದರೆ ಒಳ್ಳೆಯದು. ಅದು ತಾಯಿಯಿಂದ ಮಾತ್ರ ಬರುತ್ತದೆ, ಹಳೆಯ ಕೊಳೆತ ಸ್ಯಾಂಪಲ್‌ನಲ್ಲೂ ಜಾಸ್ತಿ ಉಳಿದಿರುತ್ತದೆ. ಆದರೆ ಅದು ತಾಯಿಯ ಕಡೆಯ ಕಥೆಯಷ್ಟೇ ಹೇಳುತ್ತದೆ. ಎರಡೂ ಕಡೆಯ ನೆಂಟಸ್ತಿಕೆ ಬೇಕಿದ್ದರೆ ಜೀವಕೋಶದ ನ್ಯೂಕ್ಲಿಯಸ್‌ನ ಡಿಎನ್‌ಎ ಓದಲೇಬೇಕು.

ಈಗ ಹೋಲಿಸೋದು. ಎಲ್ಲರೂ ಎಡವೋದು ಇಲ್ಲೇ. ಎರಡು ಹುಳದ ಮೈಟೊಕಾಂಡ್ರಿಯಾ ಡಿಎನ್‌ಎ ಬೇರೆ ಬೇರೆ ಆಗಿದ್ದರೆ 'ಇದು ಅದರ ಮರಿ ಅಲ್ಲ' ಅಂತ ಧೈರ್ಯವಾಗಿ ಹೇಳಬಹುದು. ಒಂದೇ ಥರ ಇದ್ದರೆ ಮಾತ್ರ 'ಒಂದೇ ಕೆರೆಯದ್ದು' ಅಂತ ಹೇಳೋಕೆ ಆಗಲ್ಲ, ಆ ಥರದ ಹುಳ ಇಡೀ ಜಿಲ್ಲೆಯಲ್ಲೇ ಸಾಮಾನ್ಯವಾಗಿರಬಹುದು ಅಲ್ವಾ? ಚಾಡ್‌ನ ಹುಳಗಳನ್ನು ಹೀಗೆ ಓದಿದಾಗ ಅವು ಇಥಿಯೋಪಿಯಾ, ದಕ್ಷಿಣ ಸುಡಾನ್‌ನ ಹುಳಗಳಿಗಿಂತ ಬೇರೆ ಅಂತ ತಿಳಿಯಿತು. ಚಾಡ್‌ನೊಳಗೆ ಮಾತ್ರ ನಾಯಿಗಳಲ್ಲೂ ಜನರಲ್ಲೂ ಒಂದೇ ಬಳಗ. ಜನರಿಗಷ್ಟೇ ನೀರು ಸೋಸಿ ಅಂದರೆ ಸಾಲದು ಅನ್ನೋದು ಇದರಿಂದ ಗಟ್ಟಿಯಾಯಿತು. ನಾಯಿಗಳನ್ನು ಕಟ್ಟಿ ಹಾಕಿದರು, ಮೀನಿನ ಕರುಳಲ್ಲೂ ಹುಳದ ಮರಿ ಇರಬಹುದು ಅಂತ ಅದನ್ನು ನಾಯಿಗೆ ಎಸೆಯದೆ ಹೂಳೋಕೆ ಹೇಳಿದರು, ಸೈಕ್ಲಾಪ್ಸ್ ಸಾಯಲಿ ಅಂತ ಹೊಂಡಗಳಿಗೆ ಟೆಮಿಫಾಸ್ ಅನ್ನುವ ಔಷಧಿ ಹಾಕಿದರು, ಹುಳ ಕಂಡರೆ ತಿಳಿಸಿದವರಿಗೆ ಬಹುಮಾನವನ್ನೂ ಕೊಟ್ಟರು.

ಇನ್ನೊಂದು ಉಪಯೋಗ ಇದೆ. ಕೇಸ್ ಕಡಿಮೆ ಆಗಿದ್ದು ನಿಜವೋ, ಹುಡುಕೋರೇ ಕಡಿಮೆಯಾದರೋ? ಹುಳಗಳು ನಿಜವಾಗಿ ಕಮ್ಮಿಯಾಗುತ್ತಾ ಬಂದರೆ ಉಳಿದವು ಅಣ್ಣ ತಂಗಿಯರ ಹಾಗೆ ಹತ್ತಿರದ ನೆಂಟರೇ ಆಗುತ್ತಾ ಹೋಗುತ್ತವೆ. ಕೇಸ್ ಬೆರಳೆಣಿಕೆಯಷ್ಟಿದ್ದೂ ಹುಳಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿದ್ದರೆ ಎಲ್ಲೋ ನಮಗೆ ಕಾಣದ ದೊಡ್ಡ ಸಂಸಾರ ಇದೆ ಅಂತ ಅನುಮಾನ ಪಡಿ.

ಫಲಿತಾಂಶವನ್ನು ಮುಂದಿನ ಸೀಸನ್ ಶುರುವಾಗುವ ಮೊದಲು ಊರಿನ ಕಾರ್ಯಕರ್ತರಿಗೆ ಮುಟ್ಟಿಸಿ, ಗ್ರಾಫ್ ಬೇಡ, ಯಾವ ಹೊಂಡ ಯಾವ ಊರು ಅಂತ ಒಂದು ಹಾಳೆ ಸಾಕು. ಮಿಕ್ಕ ಅರ್ಧ ಹುಳವನ್ನು ಬಿಸಾಡಬೇಡಿ. ಚೀಟಿ ಸಮೇತ ಫ್ರೀಜರ್‌ನಲ್ಲಿಡಿ, ಬರುವ ವರ್ಷ ಅದರ ಮಗಳು ಯಾವುದೋ ನಾಯಿಯ ಕಾಲಲ್ಲಿ ಕಾಣಿಸಬಹುದು.