ಕೈ ಜೋಮು ಹಿಡಿದರೆ ಮೊದಲು ಸೀಟು ನೋಡಿ

ಕಾರವಾರದಿಂದ ಮಂಗಳೂರಿಗೆ ಸೈಕಲ್‌ನಲ್ಲಿ ಹೊರಟು ಮೂರನೇ ದಿನ ಬೆಳಿಗ್ಗೆ ನನಗೆ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಕಿರುಬೆರಳು ಪೂರ್ತಿ, ಉಂಗುರ ಬೆರಳು ಅರ್ಧ ಮರಗಟ್ಟಿತ್ತು. ಗುಂಡಿ ತಾಗಿದ್ದೂ ಗೊತ್ತಾಗುತ್ತಿರಲಿಲ್ಲ.

ಅಂಗೈಯಲ್ಲಿ ಕಿರುಬೆರಳಿನ ಕಡೆ, ಮಣಿಕಟ್ಟಿನ ಪಕ್ಕದಲ್ಲೇ ಅಲ್ನಾರ್ ನರ ಹಾದುಹೋಗುತ್ತದೆ. ಗಂಟೆಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಬಿಟ್ಟರೆ ಅದು ಒತ್ತಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಬೇರೆ ನರ, ಮೀಡಿಯನ್. ಮಣಿಕಟ್ಟು ಮಡಚಿ ಹಿಡಿಯುವವರಿಗೆ ಇದು ಜಾಸ್ತಿ.

ಎಲ್ಲರೂ ಮೊದಲು ಜೆಲ್ ಗ್ಲೌಸ್ ಕೊಳ್ಳುತ್ತಾರೆ, ನಾನೂ ಕೊಂಡಿದ್ದೆ. ಆದರೆ ಅಷ್ಟು ಭಾರ ಕೈ ಮೇಲೆ ಯಾಕೆ ಬೀಳುತ್ತಿದೆ ಅಂತ ನೋಡಬೇಕಲ್ವಾ?

ಸಮತಟ್ಟಾದ ನೆಲದಲ್ಲಿ ಸೈಕಲ್ ನಿಲ್ಲಿಸಿ, ಸೀಟಿನ ಮೇಲೆ ಗಾರೆಯವರ ರಸಮಟ್ಟ ಇಡಿ. ಸೀಟಿನ ಮೂತಿ ಸ್ವಲ್ಪ ಕೆಳಗಿದ್ದರೂ ನೀವು ಮುಂದಕ್ಕೆ ಜಾರುತ್ತಲೇ ಇರುತ್ತೀರಿ, ಕೈಗಳು ದಿನವಿಡೀ ನಿಮ್ಮನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತವೆ. ನನ್ನ ತಪ್ಪೂ ಇದೇ ಆಗಿತ್ತು. ಆಮೇಲೆ ಎತ್ತರ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು.

ಹ್ಯಾಂಡಲ್ ದೂರ ಅನಿಸಿತೆಂದು ಸೀಟನ್ನು ಮುಂದಕ್ಕೆ ಎಳೆಯಬೇಡಿ, ಇನ್ನಷ್ಟು ಭಾರ ಕೈಗೇ ಬರುತ್ತದೆ. ಖಾಲಿ ರಸ್ತೆಯಲ್ಲಿ ಪೆಡಲ್ ತುಳಿಯುತ್ತಾ ಅಂಗೈಗಳನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ಮುಂದಕ್ಕೆ ಮುಗ್ಗರಿಸುವಂತಾದರೆ ಸೀಟು 5 ಮಿ.ಮೀ. ಹಿಂದೆ ಸರಿಸಿ, ಮತ್ತೆ ಓಡಿಸಿ. ಆಗಲೂ ಹ್ಯಾಂಡಲ್ ದೂರವಿದ್ದರೆ ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಸೈಕಲ್‌ಗೆ ಜೋಡಿಸುವ ತುಂಡು) ಹಾಕಿಸಿ. ಟೂರಿಗೆ ಹ್ಯಾಂಡಲ್ ಸೀಟಿನ ಮಟ್ಟದಲ್ಲಿ ಅಥವಾ ತುಸು ಮೇಲೆ ಇದ್ದರೆ ಆರಾಮ. ಸ್ಟೆಮ್‌ನ ಮೇಲ್ಗಡೆ ಇರುವ ಸ್ಪೇಸರ್‌ಗಳನ್ನು, ಅಂದರೆ ಬಳೆಯಂಥ ಉಂಗುರಗಳನ್ನು, ಅದರ ಕೆಳಗೆ ಹಾಕಿದರೆ ಹ್ಯಾಂಡಲ್ ಏರುತ್ತದೆ. ಹಳೇ ಮಾದರಿಯ ಸೈಕಲ್ ಆದರೆ ಸ್ಟೆಮ್ ಮೇಲೆ ಗುರುತು ಮಾಡಿರುವ ಗರಿಷ್ಠ ಎತ್ತರದ ಗೆರೆ ದಾಟಿ ಎತ್ತಲೇಬೇಡಿ.

ಬ್ರೇಕ್ ಲಿವರ್ ತಿರುಗಿಸಲು ಒಂದು ಅಲೆನ್ ಕೀ (ಆರು ಮೂಲೆಯ ಕೀಲಿ) ಸಾಕು. ಬೆರಳು ಬ್ರೇಕ್ ಮೇಲಿದ್ದಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು. ಗ್ಲೌಸ್, ದಪ್ಪ ಗ್ರಿಪ್, ಅಗಲ ಟೈರ್ ಎಲ್ಲಾ ಇದಾದ ಮೇಲೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹಳೇ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಇಟ್ಟುಕೊಳ್ಳಿ. ಓಡಿಸುವಾಗ ಮೊಣಕೈ ಸಡಿಲವಾಗಿರಲಿ, ಹತ್ತು ನಿಮಿಷಕ್ಕೊಮ್ಮೆ ಕೈ ಹಿಡಿಯುವ ಜಾಗ ಬದಲಿಸಿ.

ಇಳಿದು ಒಂದೆರಡು ದಿನವಾದರೂ ಜೋಮು ಹೋಗದಿದ್ದರೆ, ಅಥವಾ ಹೆಬ್ಬೆರಳು ತೋರುಬೆರಳ ನಡುವೆ ಕಾಗದ ಒತ್ತಿ ಹಿಡಿಯಲು ಆಗದಿದ್ದರೆ ಸೈಕಲ್ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ. ನನ್ನ ಕಿರುಬೆರಳಿಗೆ ಸ್ಪರ್ಶ ಮರಳಲು ಮೂರು ವಾರ ಬೇಕಾಯಿತು.