ಹಸಿರು ದೀಪವಿದ್ದರೂ ತಡವಾಗುತ್ತಿದ್ದ ಮತ

ನನ್ನ ಇಥೀರಿಯಂ ವ್ಯಾಲಿಡೇಟರ್ (ಆ ಬ್ಲಾಕ್‌ಚೈನ್‌ನ ಬ್ಲಾಕ್‌ಗಳನ್ನು ಪರಿಶೀಲಿಸಿ, ಮತ ಹಾಕಿ ಪ್ರತಿಫಲ ಪಡೆಯುವ ತಂತ್ರಾಂಶ) ಚಾಲನೆಯಲ್ಲಿದೆ ಎಂದೇ ಡ್ಯಾಶ್‌ಬೋರ್ಡ್ ಹಸಿರು ದೀಪ ತೋರಿಸುತ್ತಿತ್ತು. ಪ್ರತಿಫಲ ಮಾತ್ರ ಕುಸಿದಿತ್ತು. ಅಟೆಸ್ಟೇಷನ್‌ಗಳನ್ನು, ಅಂದರೆ ಅದು ಹಾಕಿದ ಮತಗಳನ್ನು, ಒಂದೊಂದಾಗಿ ತೆರೆದು ನೋಡಿದೆ. ಸೋರ್ಸ್, ಟಾರ್ಗೆಟ್ ಮತಗಳು (ಸರಪಳಿಯ ತಪಾಸಣಾ ಬಿಂದುಗಳ ಕುರಿತಾದವು) ಸರಿಯಿದ್ದವು, ಹೆಡ್ ಮತದ (ಸರಪಳಿಯ ತುದಿಯ ಬ್ಲಾಕ್ ಯಾವುದೆಂದು ಹೇಳುವುದು) ಪ್ರತಿಫಲ ಮೇಲಿಂದ ಮೇಲೆ ಕೈತಪ್ಪುತ್ತಿತ್ತು. ಇದು ತಡವಾಗುವುದರ ಲಕ್ಷಣ: ಮತವು ಮರು ಸ್ಲಾಟ್‌ನ (ಒಂದು ಬ್ಲಾಕ್‌ಗೆ ಮೀಸಲಾದ ಕಾಲಾವಧಿ) ಬ್ಲಾಕ್‌ಗೇ ಸೇರದಿದ್ದರೆ ಹೆಡ್ ಮತಕ್ಕೆ ಏನೂ ಸಿಗದು.

ಪಿಯರ್‌ಗಳ (ಜಾಲದಲ್ಲಿ ನನ್ನ ಯಂತ್ರಕ್ಕೆ ಜೋಡಿಕೊಂಡ ಇತರ ಯಂತ್ರಗಳ) ಸಂಖ್ಯೆ, ಡಿಸ್ಕ್ ವೇಗ ಎಂದು ಎರಡು ದಿನ ಹುಡುಕಾಡಿದೆ. ಕೊನೆಗೆ ಸರ್ವರ್‌ನ ಗಡಿಯಾರ ನೋಡಿದರೆ ಎರಡು ಸೆಕೆಂಡು ಹಿಂದಿತ್ತು! 12 ಸೆಕೆಂಡುಗಳ ಸ್ಲಾಟ್‌ನಲ್ಲಿ 4ನೇ ಸೆಕೆಂಡಿನೊಳಗೆ ಹೊರಡಬೇಕಾದ ಮತ 6ನೆಯದಕ್ಕೆ ಹೊರಡುತ್ತಿತ್ತು. ಸಮಯ ಹೊಂದಿಸುವ ಕ್ರೋನಿ ಸೇವೆ, ಯಂತ್ರವನ್ನು ಮರುಪ್ರಾರಂಭಿಸಿದ ಮೇಲೆ ಎದ್ದೇ ಇರಲಿಲ್ಲ. ಅದು ಪ್ರತಿ ಸಲವೂ ತಾನಾಗಿ ಶುರುವಾಗುವಂತೆ ಮಾಡಿದೆ. ಕೆಲವೇ ಎಪಾಕ್‌ಗಳಲ್ಲಿ (ಎಪಾಕ್ ಎಂದರೆ ಸ್ಲಾಟ್‌ಗಳ ಒಂದು ಗುಂಪು) ಮತಗಳು ಸಮಯಕ್ಕೆ ಸೇರತೊಡಗಿದವು, ಎಷ್ಟು ನೆಮ್ಮದಿಯಾಯಿತೋ!

ಈಗ ಗಡಿಯಾರದ ವ್ಯತ್ಯಾಸ 100 ಮಿಲಿಸೆಕೆಂಡು ದಾಟಿದರೆ ಮೊಬೈಲ್‌ಗೆ ಎಚ್ಚರಿಕೆ ಬರುತ್ತದೆ.