ಕಚ್ಚುವ ಪುಸ್ತಕ ಕಟ್ಟುವುದು: ನನ್ನ ಅನುಭವ

ಮಕ್ಕಳ ನಾಟಕಕ್ಕೋ ಗ್ರಂಥಾಲಯದ ಕಾರ್ಯಕ್ರಮಕ್ಕೋ ರೋಮ, ಹಲ್ಲು, ಕಣ್ಣುಗಳಿರುವ, ತಾನೇ ಒಂದು ಪ್ರಾಣಿಯಂತೆ ಕಾಣುವ ‘ಅಪಾಯಕಾರಿ ಮಾಯಾಪ್ರಾಣಿಗಳು’ ಎಂಬ ಪುಸ್ತಕ ಬೇಕಾದಾಗ ನಾನು ಹಲ್ಲು, ಕಣ್ಣುಗಳಿಂದ ಶುರು ಮಾಡುವುದಿಲ್ಲ. ಮೊದಲು ಅದು ಗಟ್ಟಿಯಾಗಿ ಹೊಲಿದ, ನೂರು ಕೈ ದಾಟಿದ ಪುಸ್ತಕವಾಗಬೇಕು.

24 ಎ4 ಹಾಳೆ ಸಾಕು. ಆದರೆ ಅಂಗಡಿಯ ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ, ಅಡ್ಡ ಮಡಚಿದರೆ ಪುಟ ಸೆಟೆದು ನಿಲ್ಲುತ್ತದೆ. ಉದ್ದ ನಾರಿನ ಎ3 ತಂದು ಅರ್ಧಕ್ಕೆ ಕತ್ತರಿಸುತ್ತೇನೆ, ಆಗ ಮಡಿಕೆ ನಾರಿನ ಜೊತೆಗೇ ಬರುತ್ತದೆ. ಒಂದು ಲೀಟರ್ ನೀರಿಗೆ ನಾಲ್ಕು ಚಮಚ ಚಹಾಪುಡಿ ಕುದಿಸಿ, ಸೋಸಿ, ಆರಿಸಿ ಹಾಳೆ ಅದ್ದುತ್ತೇನೆ. ಹಸಿ ಹಾಳೆಯನ್ನು ನೇತುಹಾಕಿದರೆ ಹರಿಯುತ್ತದೆ, ಬಟ್ಟೆಯ ಮೇಲೆ ಹರಡಬೇಕು. ಒಣಗಿದ ಮೇಲೆ ಇಸ್ತ್ರಿ, ಮುದ್ರಣ ಅದರ ನಂತರ. ಮೊದಲೇ ಮುದ್ರಿಸಿದರೆ ಇಂಕ್‌ಜೆಟ್ ಶಾಯಿ ಚಹಾದಲ್ಲಿ ಕರಗಿ ಹೋಗುತ್ತದೆ.

ನಾಲ್ಕು ಹಾಳೆಗೊಂದು ಫಾರಂ (ಒಟ್ಟಿಗೆ ಮಡಚಿ ಹೊಲಿಯುವ ಕಂತೆ), ಆರು ಫಾರಂ, 96 ಪುಟ. ಮಡಿಕೆಯಲ್ಲಿ ಐದು ತೂತು, ಜೇನುಮೇಣ ಉಜ್ಜಿದ ದಾರ. ದಾರವನ್ನು ಪುಸ್ತಕದ ಬೆನ್ನಿನ ಉದ್ದಕ್ಕೇ ಎಳೆಯಬೇಕು, ಮೇಲಕ್ಕೆ ಎಳೆದರೆ ತೂತು ಸೀಳುತ್ತದೆ. ಬೆನ್ನಿಗೆ ಫೆವಿಕಾಲ್, ಮೇಲೆ ಮಲ್‌ಮಲ್ ಬಟ್ಟೆ. ಮೈದಾ ಅಂಟಿಗೆ ಹುಳು ಬಾರದಂತೆ ಮೈಲುತುತ್ತು ಬೆರೆಸುವ ಹಳೇ ರೂಢಿ ಇಲ್ಲಿ ಬೇಡವೇ ಬೇಡ, ಮಕ್ಕಳ ಕೈಗೆ ಹೋಗುವ ಪುಸ್ತಕ ಇದು.

ಚಹಾ ಕುಡಿದ ಹಾಳೆ ಉಬ್ಬುತ್ತದೆ. ಮಧ್ಯಯುಗದ ಯೂರೋಪಿನ ಚರ್ಮದ ಹಾಳೆಗಳೂ ತೇವಕ್ಕೆ ಹೀಗೇ ಸೊಟ್ಟಗಾಗುತ್ತಿದ್ದವು, ಅವನ್ನು ಒತ್ತಿಹಿಡಿಯಲೆಂದೇ ಆ ಪುಸ್ತಕಗಳಿಗೆ ಲೋಹದ ಕೊಂಡಿ. ನಮ್ಮದಕ್ಕೆ ಬಕಲ್ ಇರುವ ಬೆಲ್ಟು. ನೋಡುವವರಿಗೆ ಅದು ಪ್ರಾಣಿಯನ್ನು ಕಟ್ಟಿಹಾಕಿದಂತೆಯೂ ಕಾಣುತ್ತದೆ.

ಹೆಚ್ಚು ಕೆಡುವುದು ರಟ್ಟಿನ ಮೇಲೆ ಅಂಟಿಸುವ ರೋಮದ ಬಟ್ಟೆಯ ಹೊದಿಕೆ. ಕತ್ತರಿ ಹಾಕಿದರೆ ರೋಮವೆಲ್ಲ ಮೊಂಡಾಗುತ್ತದೆ. ಹಿಂಬದಿಯಿಂದ ಬ್ಲೇಡಿನಲ್ಲಿ ಬಟ್ಟೆಯನ್ನಷ್ಟೇ ಸೀಳಬೇಕು. ಅಂಟು ರಟ್ಟಿಗೆ, ತೆಳ್ಳಗೆ. ಬಟ್ಟೆಗೆ ಹಚ್ಚಿದರೆ ಮೇಲಕ್ಕೆ ಜಿನುಗಿ ರೋಮ ಮೆತ್ತಿಕೊಳ್ಳುತ್ತದೆ. ರಟ್ಟಿಗೂ ಬೆನ್ನಿಗೂ ನಡುವೆ 8 ಮಿ.ಮೀ. ಬಿಟ್ಟು, ಅಲ್ಲಿನ ರೋಮ ಬೋಳಿಸದಿದ್ದರೆ ರಕ್ಷಾಪುಟ ತೆರೆಯುವುದೇ ಇಲ್ಲ. ಹಲ್ಲಿಗೆ ಎಂ-ಸೀಲ್ (ಕಲಸಿದ ಮೇಲೆ ಗಟ್ಟಿಯಾಗುವ ಅಂಟುಮುದ್ದೆ), ತುದಿ ಉಜ್ಜಿ ಮೊಂಡಾಗಿಸಿ.

ಒಳಗಿನ ಬರಹದಲ್ಲಿ ಅಳತೆ ಇದ್ದಷ್ಟೂ ಹೆದರಿಕೆ ಹೆಚ್ಚು. ಬ್ಯಾಸಿಲಿಸ್ಕ್ ಬಗ್ಗೆ ಪ್ರಾಚೀನ ರೋಮ್ ನಗರದ ಲೇಖಕ ಪ್ಲಿನಿ ಬರೆದದ್ದನ್ನೇ ಹಾಕುತ್ತೇನೆ: ಹನ್ನೆರಡು ಬೆರಳಿನುದ್ದದ ಹಾವು, ತಲೆಯ ಮೇಲೆ ಬಿಳಿ ಮಚ್ಚೆ, ಕೊಲ್ಲಬಲ್ಲದ್ದು ವೀಸಲ್ ಎಂಬ ಪುಟ್ಟ ಪ್ರಾಣಿ. ಗಂಡಭೇರುಂಡಕ್ಕೆ ಬಳ್ಳಿಗಾವಿಯ 1047ರ ಕಂಬದ ರೂಪ, ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಬೆನ್ನಿನ ಚೀಟಿಗೆ ಗ್ರಂಥಾಲಯಗಳು ವಿಷಯವಾರು ಕೊಡುವ ಡ್ಯೂಯಿ ಸಂಖ್ಯೆ 398.2, ಜಾನಪದ ಕಥೆಗಳದ್ದು. 590 ಬರೆದರೆ ನಿಜವಾದ ಪ್ರಾಣಿಗಳ ಸಾಲಿಗೆ ಹೋಗುತ್ತದೆ. ಗ್ರಂಥಾಲಯ ಪ್ರತಿ ಪುಸ್ತಕಕ್ಕೂ ಕೊಡುವ ದಾಖಲೆ ಸಂಖ್ಯೆಯನ್ನು ಒಳಗಿನ ಒಂದು ಪುಟದಲ್ಲೂ ಬರೆಯಿರಿ. ಕೊನೆಯಲ್ಲಿ ಅಂಟಿಸುವ ದಿನಾಂಕದ ಚೀಟಿಯ ಮುದ್ರೆಗಳು ಒಂದೇ ಸಮನಾಗಿರದೆ ಕೆಲವು ಸೊಟ್ಟಪಟ್ಟ, ಕೆಲವು ಮಸುಕಾಗಿರಲಿ.